ಕೊಟ್ರಬಸಮ್ಮನ ಹನ್ನೊಂದು ಕೌದಿ

ಕೊಟ್ಟೂರಿನಲ್ಲಿ ಕೌದಿ ಹೊಲಿಯುವ ಕೊಟ್ರಬಸಮ್ಮನ ಬಗ್ಗೆ ಯಾರಾದರೂ ನಾಲ್ಕು ಒಳ್ಳೆಯ ಮಾತು ಬರೆಯುವುದಿದ್ದರೆ ಬರೆಯಲಿ, ನಾನಂತೂ ಬರೆಯುವುದಿಲ್ಲ ಎಂದು ಎರಡು ಸಾವಿರದ ನಾಲ್ಕನೇ ಇಸವಿಯ ಕಾರ್ತಿಕದಲ್ಲಿ ಮನಸ್ಸಿನಲ್ಲೇ ಆಣೆ ಮಾಡಿದ್ದೆ. ಆರು ದಿನ ಆ ಮುದುಕಿ ನನ್ನ ತಲೆ ತಿಂದಳು. ತಿಂದು ತೇಗಲೂ ಇಲ್ಲ. ಈಗ ಬರೆಯಲು ಕೂತಿದ್ದೇನೆ ಎಂದರೆ ಆಣೆ ಮುರಿದಿದೆ ಎಂದು ಅರ್ಥ. ಸಿಟ್ಟು ಮಾತ್ರ ಇನ್ನೂ ಪೂರ್ತಿ ಇಳಿದಿಲ್ಲ.

ನನ್ನ ಹೆಸರು ಗುರುಬಸವರಾಜ. ಊರಲ್ಲಿ ಮೈಕ್ ಗುರು ಅಂದರೆ ಗೊತ್ತಾಗುತ್ತದೆ. ಆಟೋಕ್ಕೆ ಮೈಕ್ ಕಟ್ಟಿಕೊಂಡು ಬೀಜದ ಅಂಗಡಿ, ನಾಟಕ ಕಂಪನಿ, ಕಣ್ಣು ತಪಾಸಣೆ ಶಿಬಿರ ಎಲ್ಲದರ ಪ್ರಚಾರ ಮಾಡುವವನು. ನಮ್ಮಪ್ಪ ಶೇಂಗಾ ವ್ಯಾಪಾರ ಬಿಟ್ಟ ಮೇಲೆ ಖಾಲಿ ಬಿದ್ದಿದ್ದ ಗೋಡೌನಿನಲ್ಲಿ ಒಂದು ಕಂಪ್ಯೂಟರ್, ಒಂದು ಮಿಕ್ಸರ್ ಇಟ್ಟು ‘ರೆಕಾರ್ಡಿಂಗ್ ಸೆಂಟರ್’ ಎಂದು ಬೋರ್ಡ್ ಬರೆಸಿದ್ದೆ. ಭಜನಾ ಮಂಡಳಿಯವರು ಬರುತ್ತಿದ್ದರು, ಬಯಲಾಟದವರು ಬರುತ್ತಿದ್ದರು. ಕಲ್ಲಿನ ಗೋಡೆ, ತಗಡಿನ ಮಾಡು. ಒಳಗೆ ನಿಂತು ಒಂದು ಸಲ ‘ಶಿವಾ’ ಅಂದರೆ ಗೋಡೆ ಮೂರು ಸಲ ಅನ್ನುತ್ತಿತ್ತು. ಭಜನೆಯವರಿಗೆ ಅದೇ ಖುಷಿ, ಪುಕ್ಕಟೆ ಹಿಮ್ಮೇಳ ಸಿಕ್ಕಿತಲ್ಲ.

ಅಲ್ಲಿಗೆ ಒಂದು ಮಧ್ಯಾಹ್ನ ಇಬ್ಬರು ಹುಡುಗಿಯರು ಬಂದರು. ಅಮೃತಾ ನಮ್ಮ ಊರಿನವಳೇ, ಕೊಟ್ರಬಸಮ್ಮನ ಮೊಮ್ಮಗಳು. ಇನ್ನೊಬ್ಬಳು ದುರ್ಗಾದೇವಿ, ಗುಡೇಕೋಟೆಯವಳು. ಇಬ್ಬರೂ ಹರಪನಹಳ್ಳಿಯಲ್ಲಿ ಡಿ.ಎಡ್. ಓದುತ್ತಿದ್ದರು. ದೀಪಾವಳಿ ರಜೆ ಮುಗಿಯುವವರೆಗೆ ದುರ್ಗಾದೇವಿ ಅಮೃತಾಳ ಮನೆಯಲ್ಲೇ ಉಳಿದಿದ್ದಳು.

“ಗುರಣ್ಣಾ, ನಮ್ಮದೊಂದು ಆಲ್ಬಂ ಮಾಡಿಕೊಡ್ರಿ. ಎಂಟು ಹಾಡು ಅದಾವು” ಅಂದಳು ಅಮೃತಾ.

“ಯಾವ ದೇವರವು?”

“ದೇವರವಲ್ರಿ. ರ‍್ಯಾಪ್.”

ನಾನು ಹಾರ್ಮೋನಿಯಂ ಎಳೆದುಕೊಂಡು ಶ್ರುತಿ ಯಾವುದು ಎಂದು ಕೇಳಿದೆ. ಶ್ರುತಿ ಬೇಡವಂತೆ. ರಾಗ? ರಾಗವೂ ಇಲ್ಲವಂತೆ. ಹಾಗಾದರೆ ಇರುವುದೇನು ಎಂದು ಕೇಳುವಷ್ಟರಲ್ಲಿ ದುರ್ಗಾದೇವಿ ನನ್ನ ಮೇಜನ್ನು ಬೆರಳಿನಿಂದ ಬಡಿಯತೊಡಗಿದಳು, ಇಬ್ಬರೂ ಒಬ್ಬರ ಬಾಯಿಂದ ಒಬ್ಬರು ಕಸಿದುಕೊಂಡಂತೆ ಶುರು ಮಾಡಿದರು:

ಕೊಟ್ಟೂರು ಬಸ್ಸು ತಡಾ ಆತು, ತಡಾ ಆದ್ರ ಕ್ಲಾಸು ಹೋತು,
ಕ್ಲಾಸು ಹೋದ್ರ ಮಾತು ಬಂತು, ಮಾತಿನ ಮ್ಯಾಲ ಮಾತು ಬಿತ್ತು,
ಬಿದ್ದ ಮಾತು ಎತ್ತಾವರ‍್ಯಾರು, ಎತ್ತಿದ ಮಾತು ಹೊತ್ತಾವರ‍್ಯಾರು...

ಹೀಗೆ ಉಸಿರು ಬಿಡದೆ ಐದು ನಿಮಿಷ. ಕೇಳುತ್ತಿದ್ದ ನನಗೇ ಉಬ್ಬಸ ಬಂತು.

“ಇದನ್ನ ಕೇಳಾಕ ಕ್ಯಾಸೆಟ್ ಯಾಕ ಬೇಕವ್ವಾ? ನಲ್ಲಿ ಹತ್ರ ಹೋಗಿ ನಿಂತ್ರ ಸಾಕು” ಅಂದೆ.

“ನಲ್ಲಿ ಹತ್ರಾನ ಕಲ್ತೀವ್ರಿ” ಅಂದಳು ದುರ್ಗಾದೇವಿ, ಮುಖದಲ್ಲಿ ಒಂದು ಗೆರೆ ಕೂಡ ಅಲುಗಿಸದೆ. ಹೊಸಪೇಟೆಯಲ್ಲಿ ಯಾರೋ ಇಂಗ್ಲಿಷಿನ ಒಂದು ಕ್ಯಾಸೆಟ್ ಕೊಟ್ಟಿದ್ದರಂತೆ. ಒಂದು ಮಾತೂ ತಿಳಿಯದಿದ್ದರೂ ಕೇಳಿ ಕೇಳಿ ಟೇಪು ಸವೆಸಿದ್ದರಂತೆ. ಜೋಡಿಗೆ ಹೆಸರನ್ನೂ ಇಟ್ಟುಕೊಂಡೇ ಬಂದಿದ್ದರು: ‘ಬಾಯಿಬಡಕಿಯರು’. ಹೆಸರು ಕೊಟ್ಟವರು ಯಾರೆಂದರೆ ಅಜ್ಜಿ. ಹೆಸರಿಡಬೇಕೆಂದು ಕೊಟ್ಟದ್ದಲ್ಲ, ದಿನಕ್ಕೆ ಹತ್ತು ಸಲ ಬೈದದ್ದು.

ಬೇಡ ಎಂದು ಕಳಿಸಿಬಿಡಬೇಕಿತ್ತು. ಆದರೆ ಅವರು ಹೋದ ಮೇಲೆ ನಾನು ಕೇಬಲ್ ಸುತ್ತುತ್ತ ‘ತಡಾ ಆದ್ರ ಕ್ಲಾಸು ಹೋತು’ ಎಂದು ನನಗೆ ನಾನೇ ಅಂದುಕೊಳ್ಳುತ್ತಿದ್ದೆ. ಅಲ್ಲಿಗೆ ನನ್ನ ಗತಿ ಮುಗಿಯಿತು.

ಹಗರಿಬೊಮ್ಮನಹಳ್ಳಿಯ ನನ್ನ ಗೆಳೆಯ ಅಮರೇಶನ ಹತ್ತಿರ ಒಂದು ಒಳ್ಳೆಯ ಮೈಕ್ ಇತ್ತು. ಮಂಗಳವಾರ ಕೊಟ್ಟ, ಸೋಮವಾರ ಬೆಳಿಗ್ಗೆ ವಾಪಸ್ ಬರಲೇಬೇಕು ಅಂದ. ದುರ್ಗಾದೇವಿಗೂ ಅದೇ ಸೋಮವಾರದಿಂದ ಹಲವಾಗಲಿನ ಶಾಲೆಯಲ್ಲಿ ಪಾಠ ಮಾಡುವ ತರಬೇತಿ. ಅದಾದ ಮೇಲೆ ಯಾರು ಎಲ್ಲಿಗೋ, ಯಾವ ಊರಿನ ಶಾಲೆಗೋ. ಈ ಆರು ದಿನದಲ್ಲಿ ಆದರೆ ಆಯಿತು, ಇಲ್ಲದಿದ್ದರೆ ಇಲ್ಲ.

ಮೊದಲ ಹಾಡು ರೆಕಾರ್ಡ್ ಮಾಡಿ ಕೇಳಿದರೆ ಏನೂ ತಿಳಿಯಲಿಲ್ಲ. ಭಜನೆಗೆ ಪುಕ್ಕಟೆ ಹಿಮ್ಮೇಳ ಹಾಡಿದ ಗೋಡೆ ಇಲ್ಲಿ ಅಡ್ಡಗಾಲು ಹಾಕಿತ್ತು. ಅಮೃತಾ ಒಂದು ಮಾತು ಆಡಿ ಮುಗಿಸುವ ಮೊದಲೇ ಗೋಡೆ ಹಿಂದಿನ ಮಾತನ್ನು ತಂದು ಅದರ ಮೇಲೆ ಸುರಿಯುತ್ತಿತ್ತು. ಗೋಡೆಗೆ ದಪ್ಪನೆಯದು ಏನಾದರೂ ಹೊದಿಸಬೇಕು ಅಂದೆ. ಅಮೃತಾ ಚಪ್ಪಾಳೆ ತಟ್ಟಿ, “ನಮ್ಮ ಅಜ್ಜಿ ಕೌದಿ ಅದಾವಲ್ರೀ!” ಅಂದಳು. ನಾನೂ ಭೇಷ್ ಅಂದೆ. ಬುದ್ಧಿ ಎಲ್ಲಿಗೆ ಹೋಗಿತ್ತೋ.

ಕೊಟ್ರಬಸಮ್ಮನಿಗೆ ಆಗ ಅರವತ್ತೈದರ ಮೇಲೆ. ಎಣ್ಣೆ ಮಿಲ್ಲಿನಲ್ಲಿ ಕೆಲಸಕ್ಕಿದ್ದ ಗಂಡ ಬೇಗ ಹೋಗಿಬಿಟ್ಟಿದ್ದ. ಮನೆಮನೆಯ ಹಳೆಯ ಸೀರೆ, ಧೋತರ, ಹರಿದ ಅಂಗಿ ತಂದು ಕೌದಿ ಹೊಲಿದು ಕೊಟ್ಟೇ ಒಬ್ಬಳೇ ಮಗಳನ್ನು ಬೆಳೆಸಿದಳು. ಆ ಮಗಳು ನಾಗಲಿಂಗಮ್ಮ ತೆಲಿಗಿಗೆ ಮದುವೆಯಾಗಿ ಹೋಗಿ, ಮೊದಲ ಹೆರಿಗೆಗೆ ತವರಿಗೆ ಬಂದು ಅಮೃತಾಳನ್ನು ಹೆತ್ತಳು. ಮಗು ಮೂರು ವರ್ಷದ್ದಿರುವಾಗ ಕಾಮಾಲೆಯಾಗಿ ತೀರಿಕೊಂಡಳು. ಅಳಿಯ ಬೇರೆ ಮದುವೆಯಾದ. ಅಜ್ಜಿ ಮೊಮ್ಮಗಳನ್ನು ಕರೆದುಕೊಂಡು ಬಂದು ಮತ್ತೆ ಸೂಜಿ ಹಿಡಿದಳು.

ಕೌದಿಗೆ ಹೊಟ್ಟೆ ತುಂಬಿಸುವುದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಪದ್ಧತಿ. ಹೊಲಿದು ಮುಗಿಸುವ ಮೊದಲು ಒಂದು ತುತ್ತು ತಿನಿಸು ಒಳಗಿಟ್ಟು ಹೊಲಿಗೆ ಹಾಕುತ್ತಾರೆ. ಕೌದಿ ಹಸಿದಿರಬಾರದು. ಆದರೆ ಊರಿಗೆಲ್ಲ ಒಂದು ದಾರಿಯಾದರೆ ಕೊಟ್ರಬಸಮ್ಮನಿಗೇ ಒಂದು. ಆಕೆ ಇಡುವುದು ಶೇಂಗಾ ಹೋಳಿಗೆಯ ದೊಡ್ಡ ತುಂಡು, ಜೊತೆಗೆ ಬೀಜ ಸಮೇತ ಒಂದು ಉತ್ತತ್ತಿ, ಒಣಗಿದ ಖರ್ಜೂರ. ಸಾಲದ್ದಕ್ಕೆ ಪ್ರತಿ ದೀಪಾವಳಿಗೆ ತನ್ನ ಮನೆಯ ಕೌದಿಗಳ ಹೊಟ್ಟೆಯ ಮೂಲೆ ಬಿಚ್ಚಿ, ಹಳೆಯದನ್ನು ತೆಗೆದು, ಹೊಸ ತುತ್ತು ಇಡುವುದು. “ಹಸಿದ ಕೌದಿ ಹೊದ್ದವರ ನಿದ್ದಿ ತಿಂತೈತಿ” ಎಂಬುದು ಆಕೆಯ ಮಾತು. ಇಷ್ಟೆಲ್ಲ ಮಾಡಿಯೂ ಮೊಮ್ಮಗಳಿಗೆ ಹುಟ್ಟಿದಾಗಿನಿಂದ ನಿದ್ದೆ ಇಲ್ಲ. ನಡುರಾತ್ರಿ ಎದ್ದು ಕೂತು ವಟವಟ ಅನ್ನುವ ಮಗು. ಅಜ್ಜಿ ತಾಯತ ಕಟ್ಟಿಸಿದಳು, ದೃಷ್ಟಿ ತೆಗೆಸಿದಳು, ಗುಡೇಕೋಟೆಯ ಕಡೆಯಿಂದ ಯಾವುದೋ ಬೇರು ತರಿಸಿದಳು. ಬಾಯಿ ಮುಚ್ಚಲಿಲ್ಲ.

ಕೌದಿ ತರಲು ಹೋದಾಗ ನನ್ನ ಕಷ್ಟ ಶುರುವಾಯಿತು.

“ಕೌದಿಗೆ ಮೊಳಿ ಹೊಡಿಯಂಗಿಲ್ಲ” ಅಂದಳು.

“ಇಲ್ಲಜ್ಜಿ, ಹಗ್ಗ ಕಟ್ಟಿ ಹಾಕ್ತೀನಿ.”

“ತಲಿ ಕಡೆ ಮ್ಯಾಲ ಇರ‍್ಲಿ. ಕಾಲ ಕಡೆ ಮ್ಯಾಲ ಮಾಡಿದ್ರ ನೋಡು ಮತ್ತ.”

ಕೌದಿಗೆ ತಲೆ ಯಾವುದು ಕಾಲು ಯಾವುದು ಎಂದು ಕೇಳಿದ್ದಕ್ಕೆ, ಇಷ್ಟು ವರ್ಷ ಹೊದ್ದು ಮಲಗಿ ಅಷ್ಟೂ ತಿಳಿಯದವನ ಕೈಗೆ ಯಾರು ಮೈಕು ಕೊಟ್ಟರು ಎಂದಳು. ಹತ್ತು ಕೌದಿಗಳನ್ನು ತಳ್ಳುಗಾಡಿಗೆ ಏರಿಸಿದೆ. ಹನ್ನೊಂದನೆಯದನ್ನು ಮುಟ್ಟಲು ಬಿಡಲಿಲ್ಲ. ಅದು ನಾಗಲಿಂಗಮ್ಮ ಏಳು ತಿಂಗಳ ಬಸುರಿಯಾಗಿದ್ದಾಗ, ಹುಟ್ಟುವ ಕೂಸಿಗೆಂದು ತಾನೇ ಕೂತು ಹೊಲಿದದ್ದು. ಆಕೆ ಹೊಲಿದ ಮೊದಲನೆಯ ಕೌದಿ ಅದೇ, ಕೊನೆಯದೂ ಅದೇ. ದೀಪಾವಳಿಗೆ ಎಲ್ಲ ಕೌದಿಗಳ ಹೊಟ್ಟೆ ಬಿಚ್ಚುವ ಅಜ್ಜಿ ಅದೊಂದನ್ನು ಮಾತ್ರ ಇಪ್ಪತ್ತೆರಡು ವರ್ಷದಿಂದ ಬಿಚ್ಚಿರಲಿಲ್ಲ. ಮಗಳ ಕೈಯ ಹೊಲಿಗೆ, ಬಿಚ್ಚಿದರೆ ಮತ್ತೆ ಹಾಕುವವರು ಯಾರು? ಅದನ್ನು ಆಕೆಯೇ ಹೆಗಲ ಮೇಲೆ ಹಾಕಿಕೊಂಡಳು.

ಹೊರಡುವಾಗ ಇನ್ನೊಂದು ತಕರಾರು. ಮುಂದಿನ ಓಣಿಯಲ್ಲಿ ಹೋಗುವ ಹಾಗಿಲ್ಲ, ಪಕ್ಕದ ಮನೆಯ ತಿಪ್ಪೇರುದ್ರಮ್ಮನ ಕಣ್ಣು ಕೌದಿಯ ಮೇಲೆ ಬೀಳುತ್ತದೆ. ಇವರಿಬ್ಬರ ಮನೆಗೂ ಒಂದೇ ಗೋಡೆ, ಮುಂದಿನ ಕಟ್ಟೆಯೂ ಒಂದೇ. ಆದರೆ ಮಾತು ನಿಂತು ಇಪ್ಪತ್ತೆರಡು ವರ್ಷ. ಕಾರಣ ಕೇಳಿದರೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕು: ಒಂದು ಉತ್ತತ್ತಿ. ಕಟ್ಟೆಯ ಮೇಲೆ ಉತ್ತತ್ತಿ ಬೀಜ ಬಿದ್ದಿದ್ದನ್ನು ಕಂಡು, ತಿಪ್ಪೇರುದ್ರಮ್ಮನ ಹುಡುಗರು ತನ್ನ ಡಬ್ಬಿಯಿಂದ ಕದ್ದು ತಿಂದರು ಎಂದು ಕೊಟ್ರಬಸಮ್ಮ ಓಣಿಗೆಲ್ಲ ಕೇಳುವಂತೆ ಬೈದಿದ್ದಳು. ನಾಗಲಿಂಗಮ್ಮ ಸತ್ತಾಗ ತಿಪ್ಪೇರುದ್ರಮ್ಮ ಮಣ್ಣಿಗೆ ಬಂದು, ಅತ್ತು, ಮಾತಾಡದೆ ಹೋಗಿದ್ದಳು. ಒಂದು ಉತ್ತತ್ತಿಗಾಗಿ ನಾನು ಹಿಂದಿನ ಓಣಿಯ ಚರಂಡಿ, ಎಮ್ಮೆ, ಸಗಣಿ ಎಲ್ಲ ದಾಟಿ ಊರು ಸುತ್ತಿ ಬಂದೆ. ಮುದುಕಿ ಹಿಂದಿನಿಂದ “ಮೆಲ್ಲಕ, ಮೆಲ್ಲಕ” ಅನ್ನುತ್ತಲೇ ಇದ್ದಳು.

ಕೌದಿ ಕಟ್ಟಿದೆವು. ನಾಗಲಿಂಗಮ್ಮನ ಕೌದಿ ಎಲ್ಲಕ್ಕಿಂತ ದಪ್ಪ, ಅದನ್ನು ಮೈಕಿನ ಎದುರಿಗೇ ಕಟ್ಟಿದೆ. ಗೋಡೆಯ ಬಾಯಿ ಬಂದಾಯಿತು. ಧ್ವನಿ ಎಷ್ಟು ಚೆನ್ನಾಗಿ ಬಂತೆಂದರೆ ನನಗೇ ನಂಬಿಕೆಯಾಗಲಿಲ್ಲ. ಬುಧವಾರ ಮೂರು ಹಾಡು ಮುಗಿದವು.

ಗುರುವಾರ ಬೆಳಿಗ್ಗೆ ಹೆಡ್‌ಫೋನ್ ಹಾಕಿಕೊಂಡರೆ ದುರ್ಗಾದೇವಿಯ ಮಾತಿನ ಹಿಂದೆ ಒಂದು ಸದ್ದು. ಕರ್... ಕರ್... ಕರ್...

“ಬಳಿ ತಗಿ” ಅಂದೆ. ತೆಗೆದಳು. ಸದ್ದು ಹೋಗಲಿಲ್ಲ. ಕಾಲ್ಗೆಜ್ಜೆ ತೆಗೆಸಿದೆ. ಕಿವಿಯ ಜುಮಕಿ ತೆಗೆಸಿದೆ. “ಇನ್ನೇನು ಹಲ್ಲು ತಗೀಲೇನ್ರಿ?” ಎಂದು ಕೇಳಿದಳು. ಕೇಬಲ್ ಬದಲಿಸಿದೆ. ಕಂಪ್ಯೂಟರಿನ ಫ್ಯಾನು ಬಿಚ್ಚಿ ಧೂಳು ಒರೆಸಿದೆ. ಎಸ್‌ಟಿಡಿ ಬೂತಿಗೆ ಓಡಿ ಅಮರೇಶನಿಗೆ ಫೋನು ಮಾಡಿ ನಿನ್ನ ಮೈಕು ಕೆಟ್ಟಿದೆ ಅಂದೆ. ಅವನು, ನಿನ್ನ ಕಿವಿ ಕೆಟ್ಟಿದೆ, ಈಗಲೇ ವಾಪಸ್ ತಾ ಎಂದ. ಕಾಲು ಹಿಡಿಯುವುದೊಂದು ಬಾಕಿ, ಹೇಗೋ ಸಮಾಧಾನ ಮಾಡಿ ಬಂದೆ. ಬರುವಷ್ಟರಲ್ಲಿ ಕರೆಂಟು ಹೋಗಿತ್ತು. ಸಂಜೆ ಬಂತು. ಕರ್... ಕರ್...

ಇಷ್ಟರ ಮಧ್ಯೆ ಕೊಟ್ರಬಸಮ್ಮ ಬಾಗಿಲಲ್ಲೇ ಕೂತಿರುತ್ತಿದ್ದಳು. ತನ್ನ ಕೌದಿ ಇರುವಲ್ಲಿ ತಾನು ಇರಬೇಕಂತೆ. ಹಾಡಿನ ನಡುವೆ ಒಳಗೆ ಹಣಿಕಿ ಹಾಕಿ, “ಇದೇನು ಹಾಡೋ, ನಲ್ಲಿ ಮುಂದಿನ ಜಗಳೋ?” ಎಂದು ಕೇಳುವುದು. ಅದೂ ರೆಕಾರ್ಡ್ ಆಗುವುದು. ಒಂದು ಹಾಡಿನ ತುಂಬ ತನ್ನದೇ ಬೈಗುಳ ಇದ್ದದ್ದು ಗೊತ್ತಾದಾಗ, “ನನ್ನ ಮಾತು ನನಗ ಕೇಳದ ತಗಂಡೀರಿ” ಎಂದು ಜಗಳಕ್ಕೇ ನಿಂತಳು. ಆಮೇಲೆ, ತಗೊಂಡದ್ದು ತಗೊಂಡಿರಿ, ನಡುವೆ ಎರಡು ಮಾತು ಬಿಟ್ಟಿದ್ದೀರಿ, ಬೈದರೆ ಪೂರ್ತಿ ಬೈಯಬೇಕು ಎಂದು ತಿದ್ದಿದಳು. ಹಾಡು ಮೊದಲಿಂದ ಮಾಡಬೇಕಾಯಿತು.

ಶುಕ್ರವಾರ ನನ್ನ ತಲೆ ಪೂರ್ತಿ ಕೆಟ್ಟಿತು. ಎಲ್ಲರನ್ನೂ ಸುಮ್ಮನಿರಿಸಿ, ಹೆಡ್‌ಫೋನ್ ಹಾಕಿಕೊಂಡು, ಮೈಕನ್ನು ಕೈಯಲ್ಲಿ ಹಿಡಿದು, ಡಾಕ್ಟರು ಎದೆಗೆ ಹಚ್ಚಿ ನೋಡುವ ಹಾಗೆ ಗೋಡೆಗುಂಟ ಹೋದೆ. ಮೊದಲನೆಯ ಕೌದಿ: ಕರ್ ಕರ್. ಎರಡನೆಯದು: ಕರ್ ಕರ್. ಮೂರನೆಯದರ ಕೆಳಗಿನ ಮೂಲೆ ಎತ್ತಿದೆ. ಇಲಿಯೊಂದು ನನ್ನ ಪಾದದ ಮೇಲೆ ಧೊಪ್ಪೆಂದು ಬಿದ್ದು ಓಡಿಹೋಯಿತು.

ಬೆಟ್ಟ ಅಗೆದು ಇಲಿ ಹಿಡಿದದ್ದು ಎನ್ನುತ್ತಾರಲ್ಲ, ನಾನು ಹಿಡಿಯಲೂ ಇಲ್ಲ. ಹಿಂದಿನ ವಾರವಷ್ಟೇ ದೀಪಾವಳಿಗೆ ಹೊಟ್ಟೆ ತುಂಬಿಸಿದ ಹೋಳಿಗೆ ಉತ್ತತ್ತಿಯ ಕೌದಿಗಳು. ಅವನ್ನು ತಂದು ಕಟ್ಟಿದ್ದು ನಲವತ್ತು ವರ್ಷ ಶೇಂಗಾ ತುಂಬಿಟ್ಟಿದ್ದ ಗೋಡೌನಿನಲ್ಲಿ. ಇಲಿಗಳಿಗೆ ನಾವೇ ಎಲೆ ಹಾಕಿ ಬಡಿಸಿದ್ದೆವು. ಕೌದಿಯ ಹೊಟ್ಟೆಯಲ್ಲಿ ತುತ್ತು ಇರುತ್ತದೆ ಎಂದು ನನಗೆ ಗೊತ್ತಿರಲಿಲ್ಲವೇ? ಹುಟ್ಟಿದಾಗಿನಿಂದ ಗೊತ್ತು. ಹುಡುಗಿಯರಿಗೆ ಗೊತ್ತು. ಇಟ್ಟವಳಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಒಬ್ಬರಿಗೂ ಹೊಳೆಯಲಿಲ್ಲ.

“ನಿನ್ನ ಕೌದಿಯಿಂದ ನನ್ನ ಕೆಲಸ ಹಾಳಾತಲ್ಲಜ್ಜಿ!” ಎಂದು ಕೂಗಿದೆ.

“ಕೌದಿ ನನ್ನದು. ಇಲಿ ನಿನ್ನದು” ಅಂದಳು.

ಹೊಟ್ಟೆ ಬಿಚ್ಚಿ ಎಲ್ಲವನ್ನೂ ತೆಗೆಯಬೇಕು ಅಂದೆ. ಉಣ್ಣುವವರ ಮುಂದಿನ ತಾಟು ಕಸಿದುಕೊಂಡಂತೆ, ಆಗುವುದಿಲ್ಲ ಅಂದಳು. ಕೌದಿ ತೆಗೆದರೆ ಗೋಡೆ ಮಾತಾಡುತ್ತದೆ, ಇಟ್ಟರೆ ಇಲಿ ಮಾತಾಡುತ್ತದೆ, ಹುಡುಗಿಯರು ಮಾತಾಡುವುದು ಯಾವಾಗ ಎಂದು ಕೇಳಿದೆ. ಅದಕ್ಕೂ ಅಲ್ಲಾಡಲಿಲ್ಲ. ಶುಕ್ರವಾರ ಹೀಗೇ ಹೋಯಿತು. ಐದು ಹಾಡು ಬಾಕಿ, ಎರಡು ದಿನ ಬಾಕಿ. ಅಮೃತಾ ಅಜ್ಜಿಯ ಜೊತೆ ಜಗಳಾಡಿ ಗಂಟಲು ಕೆಡಿಸಿಕೊಂಡಳು. ನನಗಂತೂ ಮೈಕು ಬಿಸಾಕಿ ನಮ್ಮಪ್ಪನಂತೆ ಶೇಂಗಾ ವ್ಯಾಪಾರಕ್ಕೆ ಇಳಿಯೋಣ ಅನ್ನಿಸಿತ್ತು.

ಶನಿವಾರ ಬೆಳಿಗ್ಗೆ ಗೋಡೌನಿನ ಬಾಗಿಲು ತೆಗೆದಾಗ ಅಜ್ಜಿ ಮತ್ತು ದುರ್ಗಾದೇವಿ ಜೊತೆಯಾಗಿ ಬಂದರು. ದುರ್ಗಾದೇವಿಯ ಕೈಯಲ್ಲಿ ಸೂಜಿ, ದಾರ. ಕೌದಿ ಕೆಳಗೆ ಹಾಸಿಕೊಂಡು ಅಜ್ಜಿ ಕೂತಳು.

“ಏನು ಮಂತ್ರ ಹಾಕಿದಿ?” ಎಂದು ದುರ್ಗಾದೇವಿಯನ್ನು ಕೇಳಿದೆ.

“ಏನಿಲ್ರಿ. ನಮ್ಮವ್ವ ದ್ಯಾಮಕ್ಕ ನಾನು ಹಾಡಿದ್ದನ್ನ ಒಮ್ಮಿನೂ ಕೇಳಿಲ್ಲಜ್ಜಿ, ಕೂಲಿ ಬಿಟ್ಟು ಬರಾಕ ಆಗಲ್ಲ, ಕ್ಯಾಸೆಟ್ ಆದ್ರ ಅಕೀ ಕೈಯಾಗ ಇಡತೀನಿ ಅಂದೆ.”

ಅಜ್ಜಿ ಕತ್ತರಿ ಮುಟ್ಟಲಿಲ್ಲ, ನನಗೂ ಮುಟ್ಟಗೊಡಲಿಲ್ಲ. ಉಗುರಿನಿಂದ ಎಳೆ ಎತ್ತಿ, ಒಂದೊಂದೇ ಹೊಲಿಗೆ ಬಿಚ್ಚಿ, ಇಲಿ ಕಡಿದುಳಿದ ತುಂಡನ್ನು ತೆಗೆದಳು. ಕಸಕ್ಕೆ ಹಾಕುವಂತಿಲ್ಲ, ಆಕಳಿಗೆ ಹಾಕಬೇಕು. ಆದ್ದರಿಂದ ತಾಟು ಹಿಡಿದು ನಿಲ್ಲುವ ಕೆಲಸ ನನ್ನದು. ರೆಕಾರ್ಡಿಂಗ್ ಸೆಂಟರಿನ ಮಾಲೀಕ ಒಂದು ತಾಸು ತಾಟು ಹಿಡಿದು ನಿಂತ. ತಾಟು ಅಲುಗಿದರೆ “ನೆಟ್ಟಗ ಹಿಡಿ” ಎಂದು ಬೈಗುಳ. ತಾಟಿನಲ್ಲಿ ಹೋಳಿಗೆಯ ಪುಡಿ, ಹತ್ತು ಉತ್ತತ್ತಿ ಬೀಜ. ದುರ್ಗಾದೇವಿ ಹಿಂದೆಯೇ ಮೂಲೆ ಹೊಲಿಯುತ್ತ ಬಂದಳು. ಹತ್ತು ಕೌದಿ ಆಯಿತು.

ಹನ್ನೊಂದನೆಯದು ಉಳಿಯಿತು.

ಅಮೃತಾ ಅದರ ಮುಂದೆ ಹೋಗಿ ನಿಂತಳು. “ಇದನ್ನ ಬಿಚ್ಚಬ್ಯಾಡಜ್ಜಿ. ಹಾಡು ಹೋದ್ರ ಹೋಗ್ಲಿ.” ಅವ್ವನ ಮುಖ ಅವಳಿಗೆ ನೆನಪಿಲ್ಲ. ಒಂದು ಫೋಟೋ ಕೂಡ ಇಲ್ಲ. ಅಡ್ಡಡ್ಡವಾಗಿ, ಉದ್ದುದ್ದವಾಗಿ, ಕಲಿಯುವವರು ಹಾಕಿದಂಥ ಆ ಹೊಲಿಗೆಗಳೇ ಅವಳಿಗೆ ಅವ್ವ. ಬಿಚ್ಚದಿದ್ದರೆ ಇಲಿ ಬಂದೇ ಬರುತ್ತದೆ, ಅದೂ ಮೈಕಿನ ಎದುರಿಗೆ. ತೆಗೆದಿಟ್ಟರೆ ಗೋಡೆ ಮತ್ತೆ ಬಾಯಿ ತೆಗೆಯುತ್ತದೆ.

ಕೊಟ್ರಬಸಮ್ಮ ಎದ್ದು ಬಂದಳು. ಮೊಮ್ಮಗಳನ್ನು ಪಕ್ಕಕ್ಕೆ ಸರಿಸಿ, ಕೌದಿಯ ಹೊಟ್ಟೆಯ ಮೂಲೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಒತ್ತಿದಳು. ಮತ್ತೆ ಒತ್ತಿದಳು. ಹತ್ತು ಕೌದಿಗಳಲ್ಲಿ ಹಾಗೆ ಒತ್ತಿದ ಕೂಡಲೇ ಉತ್ತತ್ತಿ ಬೀಜ ಬೆರಳಿಗೆ ಸಿಕ್ಕಿತ್ತು. ಇಲ್ಲಿ ಬೆರಳು ಅತ್ತ ಹೋದವು, ಇತ್ತ ಬಂದವು. ನಾಲ್ಕೂ ಮೂಲೆ ನೋಡಿದಳು. ನಡುವೆ ನೋಡಿದಳು. ಇಲಿ ಕಡಿದ ತೂತು ಒಂದೂ ಇಲ್ಲ. ಹೊಲಿಗೆ ಹಾಕಿದ ಹಾಗೇ ಇದೆ.

“ಇದರಾಗ ಏನೂ ಇಲ್ಲ” ಅಂದಳು.

“ಇಪ್ಪತ್ತೆರಡು ವರ್ಷದ್ದಲ್ಲೇನಜ್ಜಿ, ಪುಡಿ ಆಗಿರ‍್ತೈತಿ” ಅಂದೆ.

“ಹೋಳಿಗಿ ಪುಡಿ ಆದೀತು. ಬೀಜ ಎಲ್ಲಿ ಹೋದೀತು?”

ಹಾಗೆಂದವಳು ಕೌದಿಯನ್ನು ಹಿಡಿದುಕೊಂಡೇ ನೆಲಕ್ಕೆ ಕೂತುಬಿಟ್ಟಳು. ಹಗ್ಗ ಕಿತ್ತು ಕೌದಿ ಅವಳ ಮೇಲೆಯೇ ಬಿತ್ತು. ನಾವು ಓಡಿಹೋಗಿ ಸರಿಸಿದರೆ ಮುದುಕಿ ಒಳಗೆ ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ.

“ತಿಂದಾಳ” ಅಂದಳು. “ನಾ ಹೋಳಿಗಿ, ಉತ್ತತ್ತಿ ಮಗಳ ಮುಂದ ಇಟ್ಟು ನೀರಿಗೆ ಹೋಗಿದ್ದೆ. ಬರೂದ್ರಾಗ ಹೊಟ್ಟಿ ಹೊಲದು ಮುಗಿಸಿದ್ಲು. ಇಟ್ಟೇನ ಅಂದೆ. ಹ್ಞೂಂ ಅಂದ್ಲು. ಬಾಯಿ ತೆಗೀಲಿಲ್ಲ, ಬರೇ ಹ್ಞೂಂ ಅಂದ್ಲು. ಬಾಯಾಗ ಹೋಳಿಗಿ ಇತ್ತು, ಹೆಂಗ ತೆಗಿಯಾಕ ಬರ‍್ತೈತಿ! ಬಸುರಾಗ ಕಂಡದ್ದೆಲ್ಲ ತಿಂತಿದ್ಲು. ಹುಣಸಿ ಬೋಟು ಬಿಡಲಿಲ್ಲ, ಗ್ವಾಡಿ ಮಣ್ಣು ಬಿಡಲಿಲ್ಲ. ಕೌದಿ ಪಾಲು ಬಿಡ್ತಾಳೇನು?”

ಅಮೃತಾ ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದಳು. ಅಜ್ಜಿ ಅವಳ ಕಡೆ ನೋಡಿದಳು. ನೋಡನೋಡುತ್ತ ಸಿಟ್ಟು ಏರಿತು.

“ಅದಕ್ಕ ನಿನಗ ನಿದ್ದಿ ಇಲ್ಲ! ಅದಕ್ಕ ಈ ಬಾಯಿ! ಹಸಿದ ಕೌದಿ ಹೊದಿಸಿ ಬೆಳಸೀನಿ ನಿನ್ನ, ಬಾಯಿ ಹೆಂಗ ಮುಚ್ಚೀತು? ತಾಯತ ಕಟ್ಟಿಸಿದೆ, ಬೇರು ಕುಡಿಸಿದೆ, ಊರ ಮಂದಿ ಕಾಲು ಹಿಡದೆ. ಕೌದಿ ಹೊಟ್ಯಾಗ ಇರಬೇಕಾದ್ದು ನೀನಾ ತಿಂದೀಯಲ್ಲೇ!”

“ನಾನೆಲ್ಲಿ ತಿಂದೆ ಅಜ್ಜಿ?”

“ನಿಮ್ಮವ್ವ ತಿಂದದ್ದು ಯಾರ ಹೊಟ್ಟಿಗೆ ಹೋತು ಮತ್ತ?”

ಅಮೃತಾ ಅಜ್ಜಿಯ ಪಕ್ಕದಲ್ಲಿ ಕೂತು, ಕೌದಿಯ ಮೇಲೆ ಮುಖವಿಟ್ಟಳು. “ಈಗ ಒಂದು ತುತ್ತು ಇಡೋಣೇನಜ್ಜಿ?” ಎಂದು ಕೇಳಿದಳು.

“ಬ್ಯಾಡ. ಅಕಿ ಉಂಡಾಳಲ್ಲ, ಸಾಕು. ಕಟ್ರಿ ಮ್ಯಾಲ. ತಲಿ ಮ್ಯಾಲ, ಕಾಲು ಕೆಳಗ.”

ಹನ್ನೊಂದರಲ್ಲಿ ಇಲಿ ಮುಟ್ಟದ ಕೌದಿ ಅದೊಂದೇ. ಶನಿವಾರ, ಭಾನುವಾರ ಎರಡು ದಿನದಲ್ಲಿ ಐದು ಹಾಡು ಮುಗಿದವು. ಒಂದು ಕರ್ ಅನ್ನುವ ಸದ್ದಿಲ್ಲ. ಕ್ಯಾಸೆಟ್ ಆಯಿತು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿಯ ಅಂಗಡಿಗಳಿಗೆ ಹೋಯಿತು, ಮೊದಲನೆಯದು ಗುಡೇಕೋಟೆಯ ದ್ಯಾಮಕ್ಕನ ಕೈಗೆ ಹೋಯಿತು. ಅದೆಲ್ಲ ಆಮೇಲಿನ ಮಾತು. ಭಾನುವಾರ ಮಧ್ಯಾಹ್ನ ನನಗೆ ಬೇಕಾಗಿದ್ದದ್ದು ಒಂದೇ, ಈ ಮುದುಕಿಯ ಕೌದಿ ಮನೆಗೆ ಮುಟ್ಟಿಸಿ ಕೈ ತೊಳೆದುಕೊಳ್ಳುವುದು.

ತಳ್ಳುಗಾಡಿಯನ್ನು ಬಂದ ದಾರಿಯಂತೆ ಹಿಂದಿನ ಓಣಿಗೆ ತಿರುಗಿಸಿದೆ.

“ಆ ಕಡೆ ಎಲ್ಲಿಗೆ ಹೊಂಟಿ?” ಅಂದಳು. “ಮುಂದಿನ ಓಣ್ಯಾಗ ನಡಿ.”

“ನೀನಾ ಅಲ್ಲೇನಜ್ಜಿ ಮೊನ್ನಿ...”

“ನಡಿ ಅಂದ್ರ ನಡಿ.”

ಹಲ್ಲು ಕಚ್ಚಿ ಗಾಡಿ ಹೊರಳಿಸಿದೆ. ತಿಪ್ಪೇರುದ್ರಮ್ಮ ಕಟ್ಟೆಯ ಮೇಲೆ ಮೊರ ಇಟ್ಟುಕೊಂಡು ಶೇಂಗಾ ಸುಲಿಯುತ್ತಿದ್ದಳು. ನಮ್ಮನ್ನು ಕಂಡರೂ ಕಾಣದವಳಂತೆ ತಲೆ ಬಗ್ಗಿಸಿದಳು. ಕೊಟ್ರಬಸಮ್ಮ ಹೆಗಲ ಮೇಲೆ ಮಗಳ ಕೌದಿ ಹೊತ್ತು ಅವಳ ಮುಂದೆ ನಿಂತಳು. ನಾನು ಗಾಡಿ ಹಿಡಿದು ನಿಂತೆ. ಇಪ್ಪತ್ತೆರಡು ವರ್ಷ ಆಡದ ಮಾತನ್ನು ಎಲ್ಲಿಂದ ಶುರು ಮಾಡುವುದು?

“ತಿಪ್ಪಕ್ಕಾ” ಅಂದಳು ಕೊನೆಗೆ. “ನಿನ್ನ ಹುಡುಗರು ಕದ್ದಿಲ್ಲ.”

ತಿಪ್ಪೇರುದ್ರಮ್ಮ ಒಂದು ಕಾಯಿ ಒಡೆದು ಕಾಳು ಮೊರಕ್ಕೆ ಹಾಕಿದಳು.

“ಉತ್ತತ್ತಿ ನನ್ನ ಮಗಳು ತಿಂದಿದ್ಲು. ನನಗ ನಿನ್ನೆ ಗೊತ್ತಾತು.”

“ನನಗ ಅವತ್ತ ಗೊತ್ತು” ಅಂದಳು ತಿಪ್ಪೇರುದ್ರಮ್ಮ. “ಇಲ್ಲೇ ಕುಂತಿದ್ಲು, ಈ ಕಂಬಕ್ಕ ಒರಗಿ. ಸೆರಗು ಬಾಯಿಗೆ ಅಡ್ಡ ಹಿಡಕಂಡು ಹೋಳಿಗಿ ತಿಂದ್ಲು, ಉತ್ತತ್ತಿ ತಿಂದ್ಲು. ನಾ ಬಾಗಿಲಾಗ ನಿಂತು ನೋಡೀನಿ.”

ಕೊಟ್ರಬಸಮ್ಮನಿಗೆ ಸಿಟ್ಟು ನೆತ್ತಿಗೇರಿತು. ಕ್ಷಮೆ ಕೇಳಲು ಬಂದವಳು ಎಂಬುದೇ ಮರೆತುಹೋಯಿತು.

“ನೋಡೀಯಾ? ನೋಡಿ ಸುಮ್ಮನಿದ್ದೀಯಾ? ನಿನ್ನ ಹುಡುಗರಿಗೆ ಕಳ್ಳರು ಅಂದೆ, ನಿನಗ ಬರಬಾರದ್ದು ಅಂದೆ, ಇಪ್ಪತ್ತೆರಡು ವರ್ಷ ನಿನ್ನ ಮಾರಿ ನೋಡಲಿಲ್ಲ! ಒಂದು ಮಾತು ಹೇಳಾಕ ನಿನಗೇನು ಬಾಯಿ ಬಿದ್ದಿತ್ತೇನು?”

ತಿಪ್ಪೇರುದ್ರಮ್ಮ ಸುಲಿಯುವುದನ್ನು ನಿಲ್ಲಿಸಿ ತಲೆಯೆತ್ತಿದಳು.

“ಬಸುರಿ ಹೆಣ್ಮಗಳು ತಿಂದದ್ದನ್ನ ಯಾರರ ಆಡಿ ತೋರಸ್ತಾರೇನು ಬಸಮ್ಮಾ? ಆಮ್ಯಾಲ ಹುಡುಗೀನ ಹೋದ್ಲು. ಸತ್ತಕಿ ಉಂಡ ತುತ್ತನ್ನ ಎತ್ತಿ ಆಡ್ಲ್ಯಾ ನಾನು?”

ಕೊಟ್ಟೂರಿನಲ್ಲಿ ಕೊಟ್ರಬಸಮ್ಮನ ಬಾಯಿ ಕಟ್ಟಿದ್ದನ್ನು ನೋಡಿದವನು ನಾನೊಬ್ಬನೇ. ಹೆಗಲ ಮೇಲಿನ ಕೌದಿಯನ್ನು ಇಳಿಸಿ, ಕಟ್ಟೆಯ ಮೇಲೆ, ಆ ಕಂಬದ ಹತ್ತಿರ ಇಟ್ಟಳು. ಆಮೇಲೆ ತಾನೂ ಕೂತು, ಮೊರದಿಂದ ಒಂದು ಹಿಡಿ ಶೇಂಗಾ ತೆಗೆದುಕೊಂಡು ಸುಲಿಯತೊಡಗಿದಳು.